ಕಪ್ಪು-ಬಿಳುಪಿನಲ್ಲಿ ಕಂಡ ಅರಮನೆ

ಡ್ರೈವಿಂಗ್ ಲೈಸೆನ್ಸಿಗೆ ಬಂದವರ ಪಕ್ಕದ ಸೀಟಿನಲ್ಲಿ ಕೂತು ಪಾಸು, ನಪಾಸು ಹೇಳುವುದರಲ್ಲೇ ಆಕೆಯ ತಲೆ ಬೆಳ್ಳಗಾಯಿತು. ಊರಿನವರ ಬಾಯಲ್ಲಿ ಆಕೆ ಲೈಸೆನ್ಸ್ ಮೇಡಂ. ಆಫೀಸಿನ ಹಿಂದೆ ಒಂದು ಬಯಲು, ಬಯಲಿನಲ್ಲಿ ಬಿಳಿ ಬಣ್ಣ ಬಳಿದ ಕಂಬಗಳು, ಮೂಲೆಯಲ್ಲೊಂದು ಸಿಮೆಂಟಿನ ದಿಬ್ಬ. ಕಂಬಗಳ ನಡುವೆ ಹಿಮ್ಮುಖವಾಗಿ ಗಾಡಿ ತೂರಿಸಬೇಕು. ದಿಬ್ಬದ ಅರ್ಧದಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಬೇಕು. ಊರಿನಲ್ಲಿ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದ ಎಷ್ಟೋ ಜನ ಆ ದಿಬ್ಬದ ಮೇಲೆ ಬೆವರಿಳಿಸಿದ್ದಾರೆ.

ಒಮ್ಮೆ ಒಬ್ಬ ಕಂಬವನ್ನು ಗುದ್ದಿ ಬೀಳಿಸಿ, "ಕಂಬ ಮೊದಲೇ ವಾಲಿತ್ತು ಮೇಡಂ" ಎಂದ.

"ವಾಲಿದ್ದ ಕಂಬ ನಿಮ್ಮನ್ನ ನೋಡಿ ಹಾಗೇ ಮಲಗಿಬಿಡ್ತಾ? ಇಳೀರಿ ಕೆಳಗೆ."

ಶಿಫಾರಸು ಹಿಡಿದುಕೊಂಡು ಬಂದವರಿಗೆ ಮೇಡಂ ಬೈಯುತ್ತಿರಲಿಲ್ಲ. ಹೇಳುವುದೆಲ್ಲ ಹೇಳಲಿ ಎಂದು ಬಿಟ್ಟು, ಕೊನೆಗೆ "ಗಾಡಿ ಸ್ಟಾರ್ಟ್ ಮಾಡಿ" ಎನ್ನುತ್ತಿದ್ದರು, ಅಷ್ಟೇ. ಬೇರೆ ಪರೀಕ್ಷಕರು ರಜೆಯಲ್ಲಿದ್ದ ಒಂದು ದಿನ ಸ್ವಂತ ತಮ್ಮನೇ ಸರದಿಯಲ್ಲಿ ಬಂದು ಕೂತ. ಅವನು ದಿಬ್ಬದಲ್ಲಿ ಒಂದು ಮೊಳ ಹಿಂದಕ್ಕೆ ಜಾರಿದ. ಮೇಡಂ ಅವನನ್ನೂ ನಪಾಸು ಮಾಡಿದರು. ಅಮ್ಮ ಅದೇ ಸಿಟ್ಟಿಗೆ ಮಗಳ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದಳು. ಆಫೀಸಿನಲ್ಲಿ ಯಾವುದೇ ತಕರಾರು ಎದ್ದರೂ, "ಮೇಡಂ ನೋಡಿದ್ದಾರಾ? ಹಾಗಾದರೆ ಮುಗೀತು" ಎಂದುಬಿಡುತ್ತಿದ್ದರು. ಆಕೆ ಕಂಡೆ ಎಂದರೆ ಕಂಡಂತೆ.

ತವರಿನಲ್ಲಿ ಮಾತ್ರ ಈ ನಾಣ್ಯ ನಡೆಯುತ್ತಿರಲಿಲ್ಲ. ಅಲ್ಲಿ ಆಕೆಯ ಹೆಸರು 'ಅರಮನೆ'. ಆ ಹೆಸರಿನ ಹಿಂದೆ ಸುಳ್ಳು ಹೇಳಿದಳೆಂಬ ಒಂದು ಆಪಾದನೆ ಇತ್ತು. ಆಪಾದನೆ ಹೊರಿಸಿದವನು ಅದೇ ತಮ್ಮ. ನಪಾಸಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಹೊರಿಸಿದ್ದ ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ.

ಅವರ ಅಪ್ಪ ಹಡಗಿನ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಟೈಪಿಸ್ಟ್. ಬೆರಳುಗಳಿಗೆ ಇನ್ನು ಕಾಲವಿಲ್ಲ, ಮುಂದೆಲ್ಲ ಕಂಪ್ಯೂಟರ್ ಎಂದು ಯಾರೋ ಅವರ ತಲೆಗೆ ತುಂಬಿದ್ದರು. ಒಂದು ಸಂಜೆ ಬಗಲಲ್ಲಿ ಡಬ್ಬಿಯೊಂದನ್ನು ಅವುಚಿಕೊಂಡು ಮನೆಗೆ ಬಂದರು. ಒಳಗಿದ್ದದ್ದು ಬರೀ ಒಂದು ಕೀಲಿಮಣೆ. ಕೀಲಿಗಳು ರಬ್ಬರಿನವು; ಒತ್ತಿದರೆ ಪೆನ್ಸಿಲ್ ಅಳಿಸುವ ರಬ್ಬರನ್ನು ಅದುಮಿದ ಹಾಗೆ. ಪರದೆ ಎಲ್ಲಿ ಎಂದು ಅಮ್ಮ ಕೇಳಿದಳು. "ನಮ್ಮ ಟಿವಿನೇ ಪರದೆ" ಎಂದರು ಅಪ್ಪ. "ಮತ್ತೆ ನಾನು ಟಿವಿ ನೋಡೋದು ಯಾವುದರಲ್ಲಿ?" ಎಂದು ಅಮ್ಮ ಕೇಳುವಷ್ಟರಲ್ಲಿ ಅವರು ಕೈಕಾಲು ತೊಳೆಯಲು ಎದ್ದುಹೋಗಿದ್ದರು.

ಟಿವಿ ಕಪ್ಪು-ಬಿಳುಪಿನದು. ಮರದ ಪೆಟ್ಟಿಗೆ, ನಾಲ್ಕು ಕಾಲು, ಎಳೆದು ಮುಚ್ಚುವ ಬಾಗಿಲು. ತಿರುಪು ಸ್ವಲ್ಪ ಸಡಿಲವಾಗಿದ್ದರಿಂದ ಚಿತ್ರ ನಿಲ್ಲಬೇಕಾದರೆ ಮಡಿಸಿದ ರಟ್ಟಿನ ಚೂರನ್ನು ಅದರ ಸಂದಿಗೆ ಸಿಕ್ಕಿಸಬೇಕಿತ್ತು. ಕಂಪ್ಯೂಟರಿನ ಪಾಠಗಳೂ ಆಟಗಳೂ ಕ್ಯಾಸೆಟ್ಟಿನಲ್ಲಿ ಬರುತ್ತಿದ್ದ ಕಾಲ ಅದು, ಹಾಡಿನ ಕ್ಯಾಸೆಟ್ ಇರುತ್ತದಲ್ಲ, ಅಂಥದ್ದೇ. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವಯರು ಎಳೆದು ಹಾಡಿನ ಗುಂಡಿ ಒತ್ತಿದರೆ ಕೀಂ ಎಂದು ಒಂದು ಚೀರಾಟ, ಆಮೇಲೆ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಕರಕರ. ಪರದೆಯ ಅಂಚಿನಲ್ಲಿ ಪಟ್ಟೆಗಳು ಓಡುತ್ತಿದ್ದವು. ಒಬ್ಬರು ನಿಧಾನವಾಗಿ ಸ್ನಾನ ಮುಗಿಸಿ ಬರುವಷ್ಟು ಹೊತ್ತು ಇದು ನಡೆಯುತ್ತಿತ್ತು. ಸದ್ದಿನ ಮಟ್ಟ ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೆ ಎಲ್ಲವೂ ಮೊದಲಿನಿಂದ. ಸದ್ದಿನ ತಿರುಪಿನಲ್ಲಿ ಸರಿಯಾದ ಜಾಗಕ್ಕೆ ಅಕ್ಕ, ಅಂದರೆ ಮುಂದೆ ಮೇಡಂ ಆದವಳು, ಅಮ್ಮನ ಉಗುರುಬಣ್ಣದಿಂದ ಒಂದು ಚುಕ್ಕೆ ಇಟ್ಟಿದ್ದಳು. ಕ್ಯಾಸೆಟ್ ಓಡುವಾಗ ಮನೆಯಲ್ಲಿ ಯಾರೂ ಧಪಧಪ ನಡೆಯಬಾರದು, ಸೀನಬಾರದು ಎಂಬ ಕಾನೂನೂ ಅವಳದೇ. ಸೀನಿಗೂ ಕ್ಯಾಸೆಟ್ಟಿಗೂ ಸಂಬಂಧವಿರಲಿಲ್ಲ. ಆದರೂ ಅಪ್ಪ ಕೂಡ ಮೂಗು ಹಿಡಿದುಕೊಂಡು ಹಿತ್ತಲಿಗೆ ಓಡುತ್ತಿದ್ದರು.

ಡಬ್ಬಿಯಲ್ಲಿ ಎರಡು ಕ್ಯಾಸೆಟ್ ಇದ್ದವು. ಒಂದು ಲೆಕ್ಕಪತ್ರ ಕಲಿಸುವಂಥದ್ದು. ಅದನ್ನು ಅಪ್ಪ ಒಂದೇ ಸಲ ಹಾಕಿ, ಆಕಳಿಸಿ, ತೆಗೆದಿಟ್ಟರು. ಇನ್ನೊಂದು ತೋಟದ ಆಟ. ಆಟದ ವಿವರಣೆಯ ಹಾಳೆ ಯಾರಿಗೂ ಬಾರದ ಭಾಷೆಯಲ್ಲಿತ್ತು. ಅಮ್ಮ ಅದನ್ನು ಎಣ್ಣೆ ಡಬ್ಬದ ಕೆಳಗೆ ಹಾಸಿದಳು. ಹಾಗಾಗಿ ಆಟದ ನಿಯಮಗಳನ್ನು ಅಕ್ಕ, ತಮ್ಮ ತಾವೇ ಊಹಿಸಿಕೊಂಡರು. ಟೋಪಿ ಹಾಕಿದ ಒಬ್ಬ ಕುಳ್ಳ. ಅವನು ಏಣಿ ಹತ್ತಿ ಮರದಿಂದ ಮರಕ್ಕೆ ಹೋಗಿ ಹಣ್ಣು ಕಿತ್ತು ಬುಟ್ಟಿ ತುಂಬಬೇಕು. ಜೇನುಹುಳುಗಳು ಅಟ್ಟಿಸಿಕೊಂಡು ಬರುತ್ತವೆ. ಕಚ್ಚಿದರೆ ಕುಳ್ಳ ಅಂಗಾತ ಬೀಳುತ್ತಾನೆ. ಎಲ್ಲ ಹಣ್ಣು ಕಿತ್ತ ಮೇಲೆ ತೋಟದ ತುದಿಯಲ್ಲಿ ಒಂದು ಗೇಟು. ಗೇಟಿನ ಆಚೆ ಏನಿದೆಯೋ, ಯಾರೂ ಅಲ್ಲಿಯವರೆಗೆ ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ಮನೆಯವರೆಲ್ಲ ತಮ್ಮನ ಹಲ್ಲು ಕೀಳಿಸಲು ಹೋಗಿದ್ದರು. ಅಕ್ಕ ಒಬ್ಬಳೇ ಇದ್ದಳು. ಅವತ್ತು ಅವಳ ಕೈಯಲ್ಲಿ ಏನು ಹೊಕ್ಕಿತ್ತೋ, ಕುಳ್ಳ ಒಂದು ಹುಳುವಿಗೂ ಸಿಗಲಿಲ್ಲ. ಬುಟ್ಟಿ ತುಂಬಿತು, ಗೇಟು ತೆರೆಯಿತು. ಕಾವಲುಗಾರನೊಬ್ಬ ಬಂದು ಕೈ ಎತ್ತಿ ಸಲಾಮು ಹೊಡೆದ. ಕುಳ್ಳನ ಜೊತೆ ನಡೆದು, ಸಾಲುಸಾಲು ಕಂಬಗಳ ಒಂದು ದೊಡ್ಡ ಕಟ್ಟಡಕ್ಕೆ ಕರೆದುಕೊಂಡು ಹೋದ. ಹಣ್ಣುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದ. ಗಂಭೀರವಾದ ಒಂದು ರಾಗ ನುಡಿಯಿತು. ಆಟ ಮುಗಿಯಿತು.

ಬಾವು ಬಂದ ಕೆನ್ನೆಯ ತಮ್ಮ ಬಾಗಿಲಿಗೆ ಕಾಲಿಟ್ಟ ಕೂಡಲೇ ಅವಳು, "ಲೋ, ನಾನು ಅರಮನೆ ನೋಡಿದೆ!" ಎಂದು ಕಿರುಚಿದಳು.

ತಮ್ಮ ಹತ್ತಿ ತುಂಬಿದ ಬಾಯಲ್ಲೇ, "ಹುಳ್ಳು" ಎಂದ.

ಮತ್ತೆ ತೋರಿಸುತ್ತೇನೆ ಎಂದು ದಿನವೆಲ್ಲ ಕೂತಳು, ಆಗಲಿಲ್ಲ. ಆ ವಾರವೇ ಟೇಪ್ ರೆಕಾರ್ಡರ್ ಕ್ಯಾಸೆಟ್ಟನ್ನು ಜಗಿದು, ಒಳಗಿನ ರೀಲು ಹೊರಗೆ ಉಗುಳಿತು. ಸಾಕ್ಷಿ ಅಲ್ಲಿಗೆ ಮುಗಿಯಿತು, ಹೆಸರು ಉಳಿಯಿತು. ಅಪ್ಪನ ಕನ್ನಡಕ ಬಚ್ಚಲ ಗೂಡಿನಲ್ಲಿ ಕಂಡೆ ಎಂದು ಅವಳು ಹೇಳಿದರೆ, "ಅರಮನೆಲಿ ಕಾಣಿಸ್ತಾ?" ಎಂದು ತಮ್ಮ ಕೇಳುತ್ತಿದ್ದ. ಮದುವೆಯಲ್ಲಿ ಗಂಡಿನ ಕಡೆಯವರ ಮುಂದೆ, "ಭಾವ, ಇವಳು ಏನು ನೋಡಿದೆ ಅಂದ್ರೂ ಒಂದ್ಸಲ ನೀವೇ ಹೋಗಿ ನೋಡ್ಕೊಂಡು ಬನ್ನಿ" ಎಂದು ಕಿವಿಮಾತು ಹೇಳಿದ. ಭಾವನಿಗೂ ಅದು ಹಿಡಿಸಿಬಿಟ್ಟಿತು. ಹಾಲು ಒಡೆದಿದೆ ಎಂದರೆ ಮೂಸಿ ನೋಡುವ ಅಭ್ಯಾಸ ಆತನಿಗೆ ಅಲ್ಲಿಂದಲೇ ಬಂತು.

ಎಲ್ಲರೂ ನಗುತ್ತಿದ್ದರು, ಮೇಡಂ ಕೂಡ ನಗುತ್ತಿದ್ದರು. ಆದರೆ ಆ ನಗು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ತಾನು ಕಂಡದ್ದನ್ನು ಕಂಡಂತೆ ಹೇಳುವುದೇ ಆಕೆಯ ಕಸುಬು. ಆ ಒಂದು ಮಾತನ್ನು ಮಾತ್ರ ತನ್ನವರೇ ನಂಬಿರಲಿಲ್ಲ. ವರ್ಷಗಳು ಉರುಳಿದಂತೆ ಆಕೆಗೇ ಒಮ್ಮೊಮ್ಮೆ ಅನುಮಾನ ಹತ್ತುತ್ತಿತ್ತು: ನಿಜವಾಗಿ ನೋಡಿದ್ದೆನೋ, ಅಥವಾ ಹೇಳಿ ಹೇಳಿ ನೋಡಿದಂತಾಗಿದೆಯೋ? ಬೇರೆ ಯಾರಾದರೂ ಎದುರು ಕೂತು ಹೀಗೆ ತಡವರಿಸಿದ್ದರೆ ಮೇಡಂ ಅವರನ್ನು ಮುಲಾಜಿಲ್ಲದೆ ನಪಾಸು ಮಾಡುತ್ತಿದ್ದರು.

ನಿವೃತ್ತಿಯಾಗಿ ಕೆಲವು ತಿಂಗಳಾಗಿತ್ತು. ಒಂದು ಭಾನುವಾರ ತಮ್ಮನ ಮಗಳು ಫೋನ್ ಮಾಡಿದಳು. ಅವಳು ಮನೆಗಳ ಒಳಾಂಗಣ ಅಲಂಕಾರದ ಕೆಲಸದವಳು; ಹಳೆಯ ಸಾಮಾನಿನ ಅಂಗಡಿಗಳನ್ನು ಜಾಲಾಡುವುದು ಅವಳ ದಿನಚರಿ.

"ಅತ್ತೆ, ತಕ್ಷಣ ಬನ್ನಿ. ನಿಮ್ಮ ಕಂಪ್ಯೂಟರ್ ಸಿಕ್ಕಿದೆ. ರಬ್ಬರ್ ಕೀಲಿದು. ತೋಟದ ಆಟದ ಕ್ಯಾಸೆಟ್ಟೂ ಇದೆ."

ಮೇಡಂ ಒಲೆಯ ಮೇಲಿದ್ದುದನ್ನು ಗಂಡನಿಗೆ ಒಪ್ಪಿಸಿ ಹೊರಟರು.

ತಮ್ಮನ ಮನೆಯ ನಡುಮನೆಯಲ್ಲಿ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ಹಿಂಬದಿ ಉಬ್ಬಿದ ಹಳೆಯ ಟಿವಿಯೊಂದು ಸ್ಟೂಲಿನ ಮೇಲೆ ಕೂತಿತ್ತು. ಅದನ್ನೂ ಹುಡುಗಿಯೇ ಹೊತ್ತು ತಂದಿದ್ದಳು. ಹೊಸ ಟಿವಿಗೆ ಈ ವಯರು ಹಿಡಿಯುವುದಿಲ್ಲವಂತೆ. ತಮ್ಮ ಔಷಧಿ ಅಂಗಡಿ ಮುಚ್ಚಿ ಬಂದು ಆಗಲೇ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಿದ್ದ. ಮಂಡಿ ನೋವಿನವರು ನೆಲದ ಮೇಲೆ ಕೂರಬಾರದು ಎಂದು ಗಿರಾಕಿಗಳಿಗೆ ದಿನವೂ ಹೇಳುವವನು ಅವನೇ.

"ಬಾರಮ್ಮ ಅರಮನೆ. ಇವತ್ತು ತೀರ್ಮಾನ ಆಗಿಹೋಗಲಿ" ಎಂದ.

"ಎದ್ದೇಳೋ ಮೊದಲು. ಆಮೇಲೆ ಎತ್ತೋಕೆ ಕ್ರೇನ್ ಕರೆಸಬೇಕಾಗುತ್ತೆ."

"ನೀನು ತಾನೆ ಹೆವಿ ವೆಹಿಕಲ್ ಟೆಸ್ಟ್ ಮಾಡ್ತಿದ್ದವಳು? ನೀನೇ ಎತ್ತು."

ಅಮ್ಮ ಕಿಟಕಿಯ ಪಕ್ಕದ ಆರಾಮಕುರ್ಚಿಯಲ್ಲಿದ್ದಳು. ವಯಸ್ಸು ತೊಂಬತ್ತರ ಹತ್ತಿರ. ಕಿವಿ ತನಗೆ ಬೇಕಾದ್ದಕ್ಕೆ ಮಾತ್ರ ಚುರುಕು. "ಇನ್ನೂ ಅದೇ ಜಗಳನಾ? ಒಂದು ಅರಮನೆಗೆ ಇಷ್ಟು ವರ್ಷ ಯಾರೂ ಹೊಡೆದಾಡಲ್ಲ ಕಣ್ರೋ" ಎಂದಳು.

ಹುಡುಗಿ ಕ್ಯಾಸೆಟ್ ಹಾಕಿದಳು. ಕೀಂ ಎಂದು ಚೀರಾಟ ಎದ್ದ ಕೂಡಲೇ ಅಕ್ಕ, ತಮ್ಮ ಇಬ್ಬರೂ ಉಸಿರು ಬಿಗಿಹಿಡಿದು ಕಲ್ಲಿನಂತೆ ಕೂತರು.

"ಯಾಕೆ ಇಬ್ಬರೂ ಹೀಗೆ ಕೂತಿದೀರಿ?" ಎಂದು ಹುಡುಗಿ ಕೇಳಿದರೆ ಇಬ್ಬರೂ ಒಟ್ಟಿಗೆ "ಶ್!" ಎಂದರು.

ಪರದೆ ಬೆಳಗಿತು. ತೋಟ ಬಂತು. ಇಬ್ಬರ ಬಾಯೂ ತೆರೆದುಕೊಂಡಿತು. ಮರ ಹಸಿರು! ಕುಳ್ಳನ ಟೋಪಿ ಹಳದಿ! ಹಣ್ಣುಗಳಲ್ಲಿ ಕೆಲವು ಕೆಂಪು, ಕೆಲವು ನೀಲಿ.

"ಅಯ್ಯೋ, ಇದರಲ್ಲಿ ಬಣ್ಣ ಇತ್ತಾ?" ಎಂದ ತಮ್ಮ. "ಎಲ್ಲ ಬೂದಿ ಅಂದ್ಕೊಂಡಿದ್ನಲ್ಲೇ, ಹಣ್ಣೂ ಬೂದಿ, ಹುಳೂ ಬೂದಿ."

"ನಮ್ಮ ಟಿವಿ ಬೂದಿ ಕಣೋ. ಆಟ ಅಲ್ಲ."

"ಹಣ್ಣು ಎರಡು ಬಣ್ಣದ್ದು ಯಾಕಿದೆ ಅತ್ತೆ? ಏನೋ ವ್ಯತ್ಯಾಸ ಇರಬೇಕು" ಎಂದು ಹುಡುಗಿ ಹೇಳಿದಳು.

"ನಾನು ಅವತ್ತು ಎಲ್ಲ ಹಣ್ಣೂ ಕಿತ್ತೇ ಗೇಟಿಗೆ ಹೋಗಿದ್ದು. ಇವತ್ತೂ ಹಾಗೇ ಹೋಗ್ತೀನಿ. ದಾರಿ ಬದಲಾಯಿಸಿದರೆ ನಿಮ್ಮಪ್ಪ ಅದಕ್ಕೂ ಒಂದು ಕೊಂಕು ತೆಗೀತಾನೆ."

ಮೊದಲು ತಮ್ಮ ಆಡಿದ. ಮೊದಲ ಏಣಿಯಲ್ಲೇ ಹುಳು ಕಚ್ಚಿ ಕುಳ್ಳ ಅಂಗಾತ ಬಿದ್ದ. ಮತ್ತೆ ಆಡಿದ, ಮತ್ತೆ ಬಿದ್ದ. ಕೀಲಿ ಸರಿಯಿಲ್ಲ ಎಂದ, ಬೆಳಕು ಕಣ್ಣಿಗೆ ಹೊಡೆಯುತ್ತಿದೆ ಎಂದ, ಕೊನೆಗೆ ಕಿಟಕಿಯ ಪರದೆ ಎಳೆಸಿದ. "ನಿನ್ನ ಮಾತ್ರೆ ನೀನೇ ನುಂಗು. ಕೈ ನಡುಗ್ತಿದೆ" ಎಂದು ಅಮ್ಮ ಕೂತಲ್ಲಿಂದಲೇ ಹೇಳಿದಳು.

ಆಮೇಲೆ ಮೇಡಂ ಕೂತರು. ಶುರುವಿನಲ್ಲಿ ಆಕೆಯ ಪಾಡೂ ಅಷ್ಟೇ. ಬೆರಳಿಗೆ ರಬ್ಬರಿನ ಪರಿಚಯ ತಪ್ಪಿಹೋಗಿತ್ತು, ಬಣ್ಣಗಳು ಬೇರೆ ಕಣ್ಣು ಕುಕ್ಕುತ್ತಿದ್ದವು. ತಮ್ಮ ಪ್ರತಿ ಸಾವಿಗೂ ನಾಲಿಗೆಯಿಂದ ಲೊಚಲೊಚ ಸದ್ದು ಮಾಡುತ್ತಿದ್ದ. ಮೇಡಂ ತಿರುಗಿ ನೋಡಲಿಲ್ಲ. ದಿಬ್ಬದ ಮೇಲೆ ಗಾಡಿ ನಿಲ್ಲಿಸಿದಂತೆ ಕುಳ್ಳನನ್ನು ಏಣಿಯ ಅರ್ಧದಲ್ಲಿ ನಿಲ್ಲಿಸಿ, ಹುಳು ಕೆಳಗಿನಿಂದ ಹಾದುಹೋದ ಮೇಲೆ ಹತ್ತಿಸತೊಡಗಿದರು. ಅವಸರವಿಲ್ಲದೆ ಒಂದೊಂದೇ ಮರ ಬರಿದಾಯಿತು. ಕೆಂಪು ಹಣ್ಣು ಕಿತ್ತರು, ನೀಲಿ ಹಣ್ಣೂ ಕಿತ್ತರು. ತಮ್ಮನ ಲೊಚಲೊಚ ಯಾವಾಗ ನಿಂತಿತೋ ಯಾರೂ ಗಮನಿಸಲಿಲ್ಲ. ಮಂಡಿ ನೋವು ಮರೆತು ಅವನು ಮುಂದಕ್ಕೆ ತೆವಳಿ ಬಂದಿದ್ದ.

ಬುಟ್ಟಿ ತುಂಬಿತು. ಕುಳ್ಳ ಗೇಟಿನ ಎದುರು ನಿಂತ. ಮೇಡಂ ಕೀಲಿಯಿಂದ ಬೆರಳು ಎತ್ತಿದರು.

"ಹೋಗಿ ಅತ್ತೆ, ಹುಳು ಬರ್ತಿದೆ!" ಎಂದು ಹುಡುಗಿ ಕೂಗಿದಳು.

"ಬರಲಿ. ಮೊದಲು ಎಲ್ಲರೂ ನೋಡ್ತಿದೀರಾ ಹೇಳಿ. ಅಮ್ಮ, ಈ ಕಡೆ ತಿರುಗು. ಲೋ, ನೀನು ಕಣ್ಣು ಮಿಟುಕಿಸಬೇಡ."

"ನೋಡ್ತಿದೀನಿ ಮಹಾತಾಯಿ, ಒಳಗೆ ಹೋಗು!"

ಹುಳು ಟೋಪಿಗೆ ತಗುಲುವಷ್ಟರಲ್ಲಿ ಕುಳ್ಳ ಗೇಟು ದಾಟಿದ. ಕಾವಲುಗಾರ ಬಂದ. ಕೈ ಎತ್ತಿದ.

"ನೋಡಿ! ಸಲಾಮು! ನೋಡಿ!" ಎಂದು ಮೇಡಂ ಕುರ್ಚಿಯಿಂದ ಎದ್ದೇ ನಿಂತರು. ಅವರ ದನಿ ಅಷ್ಟು ಏರಿದ್ದನ್ನು ಆ ಮನೆಯವರು ಕೇಳಿ ಯುಗವಾಗಿತ್ತು.

ಕಾವಲುಗಾರ ಕುಳ್ಳನ ಜೊತೆ ನಡೆದ. ಕಟ್ಟಡ ಬಂತು. ಸಾಲು ಕಂಬಗಳು ಬಂದವು. ಕಂಬಗಳ ಬಣ್ಣ ತುಕ್ಕಿನ ಕೆಂಪು. ಒಂದೊಂದೂ ಬೆರಳಿನಷ್ಟು ದಪ್ಪ, ನೆಲದಿಂದ ಸೂರಿನವರೆಗೆ. ನಡುವೆ ಹಳದಿಯ ದೊಡ್ಡ ಬೀಗ. ಕಾವಲುಗಾರ ಬುಟ್ಟಿಯಿಂದ ನೀಲಿ ಹಣ್ಣುಗಳನ್ನು ಮಾತ್ರ ಆರಿಸಿ ಆರಿಸಿ ಮೇಜಿನ ಮೇಲೆ ಇಟ್ಟ. ಪ್ರತಿಯೊಂದಕ್ಕೂ ಕುಳ್ಳ ತಲೆ ತಗ್ಗಿಸಿದ. ಆಮೇಲೆ ಕುಳ್ಳನನ್ನು ಕಂಬಗಳ ಹಿಂದಕ್ಕೆ ತಳ್ಳಿ ಬೀಗ ಜಡಿದ. ಪಟ್ಟೆಪಟ್ಟೆ ಅಂಗಿ ತೊಟ್ಟ ಕುಳ್ಳ ಸರಳು ಹಿಡಿದು ಹೊರಗೆ ಇಣುಕುತ್ತಿರುವಾಗ ಆ ಗಂಭೀರ ರಾಗ ನುಡಿಯಿತು.

ತಮ್ಮ ಪರದೆಯ ಹತ್ತಿರಕ್ಕೆ ಮುಖ ಒಯ್ದ.

"ಅಕ್ಕ," ಎಂದ ತಮ್ಮ ಮೆಲ್ಲಗೆ, "ಇದು ಜೈಲು ಕಣೇ."

ಅಷ್ಟು ಹೇಳಿದವನು ನಗುತ್ತ ನೆಲಕ್ಕೆ ಉರುಳಿದ. ಹುಡುಗಿ ಟಿವಿಯನ್ನು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಳು. "ಜೈಲಿಗೆ ಹೋಗಿಬಂದೆ ಅಂತ ಬೀದಿಯವರಿಗೆಲ್ಲ ಹೇಳ್ಕೊಂಡು ತಿರುಗಿದ್ಯಲ್ಲೇ! ನಂಬದಿದ್ದರೂ ನಾನು ಒಂದಿಬ್ಬರ ಹತ್ತಿರ ಕೊಚ್ಚಿಕೊಂಡಿದ್ದೆ!" ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಟ್ಟಬಾರದ ನೀಲಿ ಹಣ್ಣು ಕದ್ದ ಕಳ್ಳನನ್ನು ಮೆರವಣಿಗೆ ಮಾಡಿಸಿಕೊಂಡ ಅತಿಥಿ ಎಂದು ಮೇಡಂ ಇಷ್ಟು ಕಾಲ ತಿಳಿದಿದ್ದರು. ಬೂದಿ ಬಣ್ಣದಲ್ಲಿ ಎಲ್ಲ ಹಣ್ಣೂ ಒಂದೇ. ಕಂಬಕ್ಕೂ ಸರಳಿಗೂ ವ್ಯತ್ಯಾಸವಿಲ್ಲ. ತಡೆಯಲು ಎತ್ತಿದ ಕೈ ಸಲಾಮಿನಂತೆಯೇ ಕಾಣುತ್ತದೆ, ಒಳಕ್ಕೆ ತಳ್ಳಿದ್ದು ಒಳಗೆ ಬರಮಾಡಿಕೊಂಡಂತೆ.

ಮೇಡಂ ನಿಂತೇ ಇದ್ದರು. ಮುಖ ಮೊದಲು ಕೆಂಪಾಯಿತು, ಆಮೇಲೆ ಗಂಟಿಕ್ಕಿತು. ಆ ಗಂಟನ್ನು ಕಂಡು ಗಾಡಿ ಆಫ್ ಮಾಡಿದವರು ಊರಿನಲ್ಲಿ ನೂರಾರು ಜನ ಇದ್ದಾರೆ.

"ನಗೋದು ಆಯ್ತಾ? ಈಗ ಕೇಳಿದ್ದಕ್ಕೆ ಉತ್ತರ ಹೇಳು. ಗೇಟಿನಾಚೆ ಕಾವಲುಗಾರ ಇದಾನೆ ಅಂದಿದ್ದೆ. ಇದಾನೋ ಇಲ್ವೋ?"

"ಇದಾನೆ" ಎಂದ ತಮ್ಮ, ಹೊಟ್ಟೆ ಹಿಡಿದುಕೊಂಡು.

"ಕೈ ಎತ್ತಿದ ಅಂದಿದ್ದೆ."

"ಎತ್ತಿದ."

"ದೊಡ್ಡ ಕಟ್ಟಡ, ಸಾಲು ಕಂಬ, ಮೇಜಿನ ಮೇಲೆ ಹಣ್ಣು, ಆಮೇಲೆ ರಾಗ. ಯಾವುದು ಇರಲಿಲ್ಲ?"

ತಮ್ಮನ ನಗು ಇಳಿಯತೊಡಗಿತು. ಅವನು ಪರದೆ ನೋಡಿದ, ಅಕ್ಕನನ್ನು ನೋಡಿದ. "ಎಲ್ಲ ಇದೆ."

"ನಾನು ಕಂಡದ್ದನ್ನ ಅರಮನೆ ಅಂದ್ಕೊಂಡಿದ್ದು ತಪ್ಪು. ಅದು ನನ್ನ ತಪ್ಪೇ, ಒಪ್ಕೋತೀನಿ. ಆದರೆ ನೀನು ಬರೀ ತಪ್ಪು ಅನ್ನಲಿಲ್ಲ ಕಣೋ. ಸುಳ್ಳಿ ಅಂದೆ. ಇಷ್ಟು ವರ್ಷ."

ತಮ್ಮ ಮಂಡಿ ಊರಿ, ಸ್ಟೂಲು ಹಿಡಿದುಕೊಂಡು, ಕಷ್ಟಪಟ್ಟು ಎದ್ದು ನಿಂತ. ಅಂಗಡಿಯಲ್ಲಿ ಗಿರಾಕಿಗೆ ತಪ್ಪು ಔಷಧಿ ಕೊಟ್ಟು ಗೊತ್ತಾದಾಗ ಮುಖ ಹೇಗಾದೀತೋ ಹಾಗಾಗಿತ್ತು.

"ಸುಳ್ಳು ಹೇಳಿರಲಿಲ್ಲ ಅಕ್ಕ ನೀನು" ಎಂದ.

"ಗಟ್ಟಿಯಾಗಿ ಹೇಳು. ಅಮ್ಮನಿಗೆ ಕೇಳಿಸಲಿ."

"ಅಮ್ಮ! ಅಕ್ಕ ಸುಳ್ಳು ಹೇಳಿರಲಿಲ್ಲವಂತೆ! ಗೇಟು ದಾಟಿದ್ದು ನಿಜವಂತೆ!"

"ಅಂತೆ ಯಾಕೋ? ಕಣ್ಣಾರೆ ನೋಡಿಲ್ವಾ?" ಎಂದಳು ಅಮ್ಮ. "ಅದಿರಲಿ, ಅವತ್ತೇ ಹಾಲು ಒಲೆ ಮೇಲಿಟ್ಟು ಆಟಕ್ಕೆ ಕೂತು ಪಾತ್ರೆ ಸೀಯಿಸಿದ್ದಳು. ಅದನ್ನ ಯಾಕೆ ಯಾರೂ ವಿಚಾರಣೆ ಮಾಡ್ತಿಲ್ಲ?"

"ಅದು ನಿಜ," ಎಂದರು ಮೇಡಂ, "ಅದನ್ನ ನಾನು ಅವತ್ತೇ ಹೇಳಬೇಕಿತ್ತು." ಈ ಸಲ ನಗು ಹೊಟ್ಟೆಯವರೆಗೂ ಇಳಿಯಿತು. ಕುರ್ಚಿಯಲ್ಲಿ ಕೂತು, ಮೂಗಿನಿಂದ ಗೊರ್ ಎಂದು ಸದ್ದು ಬರುವವರೆಗೆ ನಕ್ಕರು.

ತಮ್ಮನಿಗೆ ಧೈರ್ಯ ಬಂತು. "ಹಾಗಾದರೆ ಇನ್ನು ಮೇಲೆ ನಿನ್ನನ್ನ ಜೈಲಕ್ಕ ಅಂತ ಕರೀಬಹುದಾ?"

"ಧಾರಾಳವಾಗಿ. ಅಲ್ಲಿಗೆ ಹೋಗಿದ್ದೆ ತಾನೆ? ನೀನು ಆ ಗೇಟಿನವರೆಗೂ ಬಂದಿಲ್ಲ, ನಿನಗೆ ಯಾವ ಹೆಸರೂ ಇಲ್ಲ."

ಅಷ್ಟರಲ್ಲಿ ಹುಡುಗಿ ಆಟವನ್ನು ಮೊದಲಿನಿಂದ ಶುರು ಮಾಡಿದ್ದಳು. ಈ ಸಲ ನೀಲಿ ಹಣ್ಣು ಮುಟ್ಟದೆ ಹೋಗೋಣ, ಗೇಟಿನಾಚೆ ನಿಜವಾಗಿ ಏನಿದೆ ನೋಡೋಣ ಎಂಬುದು ಅವಳ ಯೋಚನೆ. ಕೀಲಿಮಣೆಗೆ ಮೂವರ ಕೈಯೂ ಒಟ್ಟಿಗೆ ಬಿತ್ತು. ತಮ್ಮ ಜಾಗ ಬಿಡಲೊಲ್ಲ, ಹುಡುಗಿ ಮಣಿಯಲೊಲ್ಲಳು. ಕೊನೆಗೆ ಮೇಡಂ ಇಬ್ಬರ ಕೈಯನ್ನೂ ಎತ್ತಿ ಪಕ್ಕಕ್ಕಿಟ್ಟು, ತಮ್ಮನನ್ನೇ ಕೀಲಿಯ ಮುಂದೆ ಕೂರಿಸಿದರು. ತಾವು ಅವನ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು.

"ಏಣಿಯ ಅರ್ಧದಲ್ಲಿ ನಿಲ್ಲಿಸು. ಅವಸರ ಬೇಡ. ಹುಳು ಹೋಗಲಿ. ಹ್ಞಾಂ, ಈಗ ಹೊರಡು."